ಗೋಮಾಳದ ಬೇಟೆಗೆ ಎರಡು ಪಟ್ಟಿ

ಒದ್ದೆ ಗೋಣಿಚೀಲದ ಮೇಲೆ ಫಿನಾಯಿಲ್ ಸುರಿದರೆ ಒಂದು ವಾಸನೆ ಏಳುತ್ತದೆ. ಮೊನ್ನೆ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕಾರು ತೊಳೆಸಲು ನಿಂತಿದ್ದಾಗ ಪಕ್ಕದ ಪಿಕಪ್ಪಿನ ಹಿಂಭಾಗವನ್ನು ಯಾರೋ ಹಾಗೆ ತೊಳೆಯುತ್ತಿದ್ದರು. ಅದರಲ್ಲಿ ಏನು ಹೊತ್ತು ತಂದಿದ್ದರೋ, ಬರೀ ಮೀನೇ ಇದ್ದೀತು. ನಾನು ಮಾತ್ರ ಕಾರನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತೆ. ಬಾಲ್ಯದ ವಾಸನೆ ಎಂದರೆ ಎಲ್ಲರೂ ಮಲ್ಲಿಗೆ ಅನ್ನುತ್ತಾರೆ, ಕಾಯಿಸಿದ ತುಪ್ಪ ಅನ್ನುತ್ತಾರೆ. ನಿಮ್ಮದೂ ಅಂಥದ್ದೇ ಇದ್ದರೆ ನೀವು ಪುಣ್ಯವಂತರು. ನನ್ನ ಪಾಲಿಗೆ ಬಂದದ್ದು ಇದು.

ನಾವಿದ್ದದ್ದು ಅದೇ ಊರಿನ ನ್ಗಾರಾದಲ್ಲಿ, ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ, ಕಂಪನಿ ಕೊಟ್ಟ ಹಳೆಯ ಕಲ್ಲುಮನೆಯಲ್ಲಿ. ಅದಕ್ಕೆ ಮಂಗಳೂರು ಹೆಂಚು, ನಡುವೆ ಒಂದು ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ಅಮ್ಮ ಡಬ್ಬದಲ್ಲಿ ಬೆಳೆಸಿದ ಕರಿಬೇವು. ಬೆಳಗ್ಗೆ ಎದ್ದರೆ ಒಂದು ಕಡೆಯಿಂದ ಅಮ್ಮನ ಒಗ್ಗರಣೆಯ ಘಮ, ಇನ್ನೊಂದು ಕಡೆಯಿಂದ ಜನರನ್ನು ತುಂಬಿಕೊಂಡು ಓಡುವ ಮಟಾಟು ವ್ಯಾನುಗಳ ಹಾರ್ನು. ಅಪ್ಪ ಮೈಸೂರಿನವರು, ಬಕೆಟ್ಟು ಮುಚ್ಚಳ ಮಾಡುವ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರು. ಕಾರ್ಖಾನೆಯ ಒಡೆಯರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ಹುಟ್ಟಿ ಬೆಳೆದದ್ದೆಲ್ಲ ನೈರೋಬಿಯಲ್ಲೇ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ನನಗೆ ಹನ್ನೊಂದು ವರ್ಷ.

ಸಾಹೇಬರಿಗೆ ಬೇಟೆಯ ಹುಚ್ಚು. ಜಿಂಕೆ ಹೊಡೆಯುವುದನ್ನು ಈ ದೇಶದಲ್ಲಿ ನಾನು ಹುಟ್ಟುವ ಎಷ್ಟೋ ಮೊದಲೇ ನಿಲ್ಲಿಸಿದ್ದರು. ಹಕ್ಕಿ ಹೊಡೆಯಲು ಮಾತ್ರ ಆಗಿನ್ನೂ ಪರವಾನಗಿ ಸಿಗುತ್ತಿತ್ತು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಸಾಹೇಬರು ಊರಾಚೆಯ ಬಯಲಿಗೆ ಹೋಗಿ ಜಿಂಕೆಯನ್ನೇ ಹೊಡೆಯುತ್ತಿದ್ದರು. ಅದು ಸರ್ಕಾರದ ಜಾಗ ಅಲ್ಲವೇ ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ ಅಪ್ಪ, ಅದೊಂಥರಾ ನಮ್ಮೂರ ಗೋಮಾಳ ಇದ್ದ ಹಾಗೆ, ಯಾರು ಬೇಕಾದರೂ ಹೋಗಬಹುದು ಎಂದಿದ್ದರು. ಗೋಮಾಳಕ್ಕೆ ಯಾರೂ ಬಂದೂಕು ತಗೊಂಡು ಹೋಗುವುದಿಲ್ಲ ಎಂಬುದು ಅಮ್ಮನಿಗೂ ಗೊತ್ತಿತ್ತು. 

ಬಂದೂಕು, ತೋಟಾ ಸಾಹೇಬರದ್ದು. ಮಿಕ್ಕ ಸಾಮಾನು ಕಟ್ಟಿಸುವುದು ಅಪ್ಪನ ಕೆಲಸ. ಮೊಟ್ಟೆ ಬೆರೆಸಿದ ಬಿಸ್ಕತ್ತನ್ನೂ ಮುಟ್ಟದ ಮನುಷ್ಯ, ಕಾರ್ಖಾನೆಯ ಸರಕು ಕಳಿಸುವಷ್ಟೇ ಶಿಸ್ತಿನಿಂದ ಬೇಟೆಯ ಸಾಮಾನು ಕಟ್ಟಿಸುತ್ತಿದ್ದರು. ಶುಕ್ರವಾರ ಸಂಜೆ ನನ್ನನ್ನು ಕೂರಿಸಿಕೊಂಡು, ಅಕ್ಷರ ದುಂಡಗಿದೆಯೆಂದು, ನನ್ನ ಕೈಯಿಂದಲೇ ಪಟ್ಟಿ ಬರೆಸುತ್ತಿದ್ದರು. ಹಾಳೆಯ ನಡುವೆ ಗೆರೆ ಎಳೆದು ಎರಡು ಭಾಗ. ಎಡಗಡೆ ನಾವು ಮುಟ್ಟುವಂಥವು: ಟೋಪಿ, ದುರ್ಬೀನು, ಮಡಚುವ ಕುರ್ಚಿ, ಕಾಫಿಯ ಫ್ಲಾಸ್ಕು, ಅಪ್ಪನ ಮೊಸರನ್ನದ ಟಿಫಿನ್ ಕ್ಯಾರಿಯರು. ಬಲಗಡೆ ನಾವು ಮುಟ್ಟಬಾರದಂಥವು. ಕಾರ್ಖಾನೆಯ ಪಿಕಪ್ಪಿನ ಹಿಂಭಾಗದ ತಳಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ಕು, ಅದರ ಮೇಲೆ ಎರಡು ಗೋಣಿಚೀಲ, ಹಗ್ಗ, ಪೇಪರಿನಲ್ಲಿ ಸುತ್ತಿದ ಎರಡು ಚಾಕು, ಮಸೆಯುವ ಕಲ್ಲು, ಐಸ್ ಪೆಟ್ಟಿಗೆ, ನೀರಿನ ಕ್ಯಾನು, ಫಿನಾಯಿಲ್. ಜತೆಗೆ ಉಪ್ಪು, ಅರಿಶಿನ. ಅರಿಶಿನ ನಮ್ಮ ಅಡುಗೆಮನೆಯದೇ. ಪಾತ್ರೆಗೆ ಪಾತ್ರೆ ತಾಗದ ಹಾಗೆ ಅಮ್ಮ ಮೇಲಿನಿಂದ ಸುರಿಯುತ್ತಿದ್ದಳು. ದೇವರಿಗೂ ಅದೇ ಡಬ್ಬದ ಅರಿಶಿನ. ಛೀ, ಈಗ ಬರೆಯುವಾಗಲೂ ಕೈಯೆಲ್ಲ ಜಿಗುಟಾದ ಹಾಗೆ ಅನಿಸುತ್ತದೆ.

ಬಲಗಡೆಯ ಸಾಮಾನೆಲ್ಲ ಮುಟುವಾ ಎತ್ತಬೇಕು. ಮುಟುವಾ ಕಾರ್ಖಾನೆಯ ಡ್ರೈವರು, ಅಪ್ಪನಿಗಿಂತ ಎರಡು ಮೂರು ವರ್ಷ ದೊಡ್ಡವರು. ಮನೆಯಲ್ಲಿ ಎಲ್ಲರೂ ಅವನು, ಇವನು ಎನ್ನುತ್ತಿದ್ದೆವು. ಈಗ ನಾನು ಅವರು ಎನ್ನುತ್ತೇನೆ, ಅದರಿಂದ ಅವರಿಗೇನೂ ಆಗಬೇಕಾದ್ದಿಲ್ಲ. ಕರೆನ್ ಬಡಾವಣೆಯ ನನ್ನ ಶಾಲೆಗೆ ದಿನಾ ಬಿಡುತ್ತಿದ್ದವರು ಅವರೇ. ಒಂದು ಗಂಟೆ ಹೋಗುತ್ತ, ಒಂದು ಗಂಟೆ ಬರುತ್ತ, ದಾರಿಯುದ್ದಕ್ಕೂ ಮರ, ಹಕ್ಕಿ, ಅಂಗಡಿ ಬೋರ್ಡು ತೋರಿಸಿ ನನಗೆ ಸ್ವಾಹಿಲಿ ಕಲಿಸಿದರು. ನಾನು ತಪ್ಪು ಹೇಳಿದರೆ ನಗದೆ ಇನ್ನೊಮ್ಮೆ ಹೇಳಿಸುತ್ತಿದ್ದರು. ಬೇಟೆಯ ದಿನ ಸತ್ತ ಪ್ರಾಣಿಯನ್ನು ಎಳೆದು ತರುವುದು, ಕೊಯ್ಯುವುದು, ಚೀಲಕ್ಕೆ ತುಂಬುವುದು ಅವರ ಪಾಲಿನ ಕೆಲಸ. ಅಪ್ಪ ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ. ತೊಡೆ, ಬೆನ್ನು ಸಾಹೇಬರಿಗೆ, ತಲೆ ಕಾಲು ಮುಟುವಾಗೆ. ಮಧ್ಯಾಹ್ನ ಮನೆಗೆ ಬಂದ ಅಪ್ಪ ಅಂಗಳದಲ್ಲೇ ತಲೆಗೆ ನೀರು ಹಾಕಿಕೊಂಡು ಜನಿವಾರ ಬದಲಾಯಿಸುತ್ತಿದ್ದರು. ನಾವು ಮುಟ್ಟಲಿಲ್ಲ, ತಿನ್ನಲಿಲ್ಲ, ನಮಗೇನೂ ಅಂಟಲಿಲ್ಲ.

ಒಂದು ಶನಿವಾರ ಅಪ್ಪ ಟ್ಯಾಕ್ಸಿಯಲ್ಲಿ ಬಂದರು. ಸ್ನಾನವಾಗಿ ಎಲೆಯ ಮುಂದೆ ಕೂತ ಮೇಲೆ ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದರು. ಬೇಟೆ ಮುಗಿದ ಮೇಲೆ ಬಂದೂಕಿನೊಂದಿಗೆ ಸಾಹೇಬರು ತಮ್ಮ ಕಾರಿನಲ್ಲಿ ಮೊದಲೇ ಹೊರಟುಹೋಗಿದ್ದರು. ಹಿಂದೆ ಪಿಕಪ್ಪಿನಲ್ಲಿ ಅಪ್ಪ, ಮುಟುವಾ ಇಬ್ಬರೇ. ವನ್ಯಜೀವಿ ಇಲಾಖೆಯವರು ರಸ್ತೆಯಲ್ಲಿ ತಡೆದು ಚೀಲ ಬಿಚ್ಚಿಸಿದರು. ಮುಟುವಾರ ಮೊಣಕೈತನಕ ರಕ್ತ ಒಣಗಿತ್ತು. ಅಪ್ಪನ ಕೈ ಚೊಕ್ಕಟವಾಗಿತ್ತು.

"ನಾನು ಪ್ಯೂರ್ ವೆಜಿಟೇರಿಯನ್, ಮೊಟ್ಟೆ ಕೂಡ ಮುಟ್ಟಲ್ಲ ಅಂದೆ. ಕ್ಯಾರಿಯರ್ ತೆಗೆದು ಮೊಸರನ್ನ ತೋರಿಸ್ದೆ ಕಣೇ. ಆಫೀಸರ್ ನಕ್ಕುಬಿಟ್ಟ."

ಆ ಸಾಮಾನೆಲ್ಲ ಯಾರದ್ದು ಎಂದು ಆತ ಕೇಳಿದನಂತೆ. ಡ್ರೈವರದ್ದು, ನಾನು ಅವುಗಳಲ್ಲಿ ಒಂದನ್ನೂ ಮುಟ್ಟಿದವನಲ್ಲ ಎಂದರಂತೆ ಅಪ್ಪ. ನೋಡಿ, ಮುಟ್ಟಿಲ್ಲ ಅಂದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಾಹೇಬರ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಮುಟುವಾರನ್ನು ಅಲ್ಲಿಂದಲೇ ಕರೆದುಕೊಂಡು ಹೋದರು.

ನಾನು ಆಗ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅವರು ಯಾವಾಗ ಬರುತ್ತಾರೆ, ಸೋಮವಾರ ಶಾಲೆಗೆ ಬಿಡುವವರು ಯಾರು ಎಂದು ಇಂಗ್ಲಿಷಿನಲ್ಲೇ ಕೇಳಿದೆ.

"ಸಾಹೇಬ್ರು ನೋಡ್ಕೋತಾರೆ ಪುಟ್ಟಿ. ಈ ಡ್ರೈವರ್‌ಗಳಿಗೆಲ್ಲ ಇದು ಅಭ್ಯಾಸ ಇರುತ್ತೆ," ಎಂದು ಅಪ್ಪ ಇನ್ನೊಂದು ಸೌಟು ಸಾರು ಬಡಿಸಿಕೊಂಡರು.  ಅಮ್ಮ ಹಪ್ಪಳ ಕರಿಯಲು ಎದ್ದುಹೋದಳು.

ಮಾರನೆಯ ದಿನ ಭಾನುವಾರ ಬೆಳಗ್ಗೆ ಮುಟುವಾರ ಹೆಂಡತಿ ಮ್ವೆಂಡೆ ಗೇಟಿನ ಹತ್ತಿರ ಬಂದು ನಿಂತರು. ಚರ್ಚಿಗೆ ತೊಡುವ ಇಸ್ತ್ರಿ ಮಾಡಿದ ಉಡುಪು, ತಲೆಗೆ ಬಟ್ಟೆ. ಅಪ್ಪ ಪೂಜೆಗೆ ಕೂತಿದ್ದರು. ಅಮ್ಮ ಹೋಗಿ ಹೇಳಿದಾಗ ಗಂಟೆ ನಿಂತಿತು. ಮ್ವೆಂಡೆಗೆ ಬೇಕಾಗಿದ್ದದ್ದು ಒಂದೇ ಮಾತು: ಗಂಡನನ್ನು ಬೇಟೆಗೆ ಕರೆದುಕೊಂಡು ಹೋದವರು ಸಾಹೇಬರು, ಹೊಡೆದವರೂ ಸಾಹೇಬರು ಎಂದು ಸೋಮವಾರ ಅವರನ್ನು ಕೋರ್ಟಿಗೆ ಕರೆದೊಯ್ಯುವ ಮೊದಲು ಅಪ್ಪ ಪೊಲೀಸರಿಗೆ ಹೇಳಬೇಕು. ಹೇಳಿದರೆ ಅಪ್ಪನ ಕೆಲಸ ಹೋಗುತ್ತಿತ್ತು, ಆ ಕೆಲಸದ ಜತೆ ಈ ಮನೆ, ಈ ದೇಶದಲ್ಲಿರುವ ಪರ್ಮಿಟ್ಟು, ನನ್ನ ಶಾಲೆ ಎಲ್ಲವೂ. ಅದು ನನಗೂ ಅರ್ಥವಾಗುತ್ತಿತ್ತು.

ದೇವರ ಮುಂದಿನಿಂದಲೇ ಅಪ್ಪ ನನ್ನನ್ನು ಕರೆದರು. "ನೀನು ಹೋಗು ಪುಟ್ಟಿ, ನಿನ್ನ ಸ್ವಾಹಿಲಿ ಚೆನ್ನಾಗಿದೆ. ಅಪ್ಪ ಮನೇಲಿಲ್ಲ ಅನ್ನು."

ಹೋದೆ. "ಬಾಬಾ ಹಯುಕೊ," ಅಪ್ಪ ಇಲ್ಲ ಎಂದೆ. ಮುಟುವಾ ಕಲಿಸಿದ ಸ್ವಾಹಿಲಿಯಲ್ಲಿ, ಒಂದು ತಪ್ಪೂ ಇಲ್ಲದ ಹಾಗೆ. ಅಷ್ಟು ಹೊತ್ತಿಗೆ ಒಳಗೆ ಗಂಟೆ ಮತ್ತೆ ಶುರುವಾಗಿತ್ತು, ಮಂಗಳಾರತಿಯದು. ಮ್ವೆಂಡೆ ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದರು. ಆಮೇಲೆ ಸವಾ, ಆಗಲಿ ಎಂದರು. ಅಸಾಂಟೆ ಎಂದೂ ಹೇಳಿದರು. ನನಗೆ ಥ್ಯಾಂಕ್ಸ್ ಹೇಳಿ ಹೋದರು, ಥೂ. ಒಳಗೆ ಬಂದರೆ ಅಪ್ಪ ಕೈಗೆ ಪ್ರಸಾದ ಕೊಟ್ಟು, ಹೋದಳಾ ಎಂದು ಕೇಳಿದರು. ಬಾಳೆಹಣ್ಣು, ಸಕ್ಕರೆ. ನಾನು ಅಲ್ಲೇ ನಿಂತು ತಿಂದೆ.

ಮುಟುವಾ ಎಂಟು ತಿಂಗಳು ಒಳಗಿದ್ದರು. ಸಾಹೇಬರು ಏನನ್ನೂ ನೋಡಿಕೊಳ್ಳಲಿಲ್ಲ. ಶಾಲೆಗೆ ಬಿಡಲು ಬೇರೆ ಡ್ರೈವರು ಬಂದರು, ಅವರ ಜತೆ ನಾನು ಮಾತಾಡುತ್ತಿರಲಿಲ್ಲ. ನ್ಗಾರಾದ ಆ ಮನೆಯನ್ನು ಕೆಡವಿ ಈಗ ಆರಂತಸ್ತಿನ ಗೋದಾಮು ಕಟ್ಟಿದ್ದಾರೆ. ಕಲ್ಲು, ಹೆಂಚು, ಅಂಗಳ, ಕರಿಬೇವು, ಏನೂ ಇಲ್ಲ. ಅಮ್ಮ ಹೋದಳು, ಅವಳ ಹಿಂದೆಯೇ ಅಪ್ಪನೂ ಹೋದರು. ಇರುವೆಗೂ ನೋವು ಮಾಡದ ಮನುಷ್ಯ ಎಂದು ಅವರನ್ನು ಬಲ್ಲವರೆಲ್ಲ ಈಗಲೂ ಹೇಳುತ್ತಾರೆ. ನಾನು ತಲೆ ಆಡಿಸುತ್ತೇನೆ. ಅವರನ್ನು ನೆನೆದರೆ ಅಸಹ್ಯವಾಗುತ್ತದೆ, ಅವರಿಲ್ಲ ಎಂದರೆ ಅಳುವೂ ಬರುತ್ತದೆ. ಎರಡೂ ಒಂದೇ ಹೊಟ್ಟೆಯಲ್ಲಿ.

ಅಪ್ಪ ಇನ್ನೂ ಇದ್ದಾಗ, ನಾನು ಕಾಲೇಜು ಸೇರಿದ ವರ್ಷ, ಮಟಾಟು ನಿಲ್ದಾಣದಲ್ಲಿ ಮುಟುವಾ ಒಮ್ಮೆ ಸಿಕ್ಕಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು ಕೈ ಕುಲುಕಿ, ಅಪ್ಪ ಚೆನ್ನಾಗಿದ್ದಾರಾ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ನನ್ನ ಮಟಾಟು ಹೊರಟಾಗ ಕಿಟಕಿಯ ಪಕ್ಕ ಬಂದು, "ಮ್ಸಲಿಮಿಯೆ," ನಾನು ಕೇಳಿದೆ ಅಂತ ಹೇಳು, ಎಂದರು.

ಅವತ್ತು ಸಂಜೆ ಮನೆಗೆ ಹೋದಾಗ ಅಪ್ಪ ಅಂಗಳದಲ್ಲೇ ಕೂತಿದ್ದರು. ನಾನು ಹೇಳಲಿಲ್ಲ.