ಒಲೆ ಮೇಲಿನ ಮೂರು ಗೆರೆ

ಆಗ ಬೇಸಿಗೆ ರಜ ಅಂದರೆ ಅಪ್ಪನ ಲಾರಿಯಲ್ಲಿ ಊರೂರು ಸುತ್ತೋದು. ನಮ್ಮೂರು ಆದಿವಾಲ ಬಿಟ್ಟು ಹೆದ್ದಾರಿ ಹತ್ತಿದರೆ ಮುಗೀತು, ಮಧ್ಯಾಹ್ನ ಎಲ್ಲಿ ಹುಣಸೆಮರದ ನೆರಳೋ ಅಲ್ಲೇ ಅಡುಗೆ. ಲಾರಿಯಲ್ಲೊಂದು ಹಳೇ ಗ್ಯಾಸ್ ಒಲೆ ಇತ್ತು. ಪುಟ್ಟ ಸಿಲಿಂಡರಿನ ತಲೆ ಮೇಲೇ ಬರ್ನರ್. ಅವ್ವ ಅದರ ಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರೆ ಡೀಸೆಲ್ ವಾಸನೆಯೂ ರುಚಿ ಅನ್ನಿಸುತ್ತಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಅಪ್ಪ ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ. ಆ ಮಂಚದ ಮೇಲೆ ಮಲಗಲು ನನಗೆ ಭಯ. ಒಲೆ ಸುಯ್ಯೆಂದು ಉರಿಯೋ ಸದ್ದು ಕೆಳಗಿಂದ ಕೇಳುತ್ತಿತ್ತು, ದೇವರಾಣೆಗೂ.

ಮರುವರ್ಷದ ರಜಕ್ಕೆ ಅಪ್ಪನೇ ಚೀಲ ಬಿಚ್ಚಿದ. "ರಿಪೇರಿ ಮಾಡಾಣ ಲೇ. ಆಮೇಲೆ ಇಬ್ರೂ ಲಾರಿಗೆ ಹೋಗಾಣ," ಅಂದ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಸಣ್ಣ ತಂತಿ ತೂರಿಸಿ ಬರ್ನರಿನ ಕಸ ತೆಗೆದ. ವಾಷರ್ ಬಿರಿದಿತ್ತು, ಹೊಸದು ತರಲು ಹಿರಿಯೂರಿಗೆ ಹೋದ.

ನನಗೋ ಸುಮ್ಮನೆ ಕೂರೋ ಜಾಯಮಾನವೇ ಅಲ್ಲ. ಅವನು ಬರೋದರೊಳಗೆ ಫಳಫಳ ಹೊಳೆಸಿಬಿಡಬೇಕು ಅಂತ ಸೀಮೆಎಣ್ಣೆ ಬಟ್ಟೆ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ತುಕ್ಕು, ಜಿಡ್ಡು, ಒಂದು ಬದಿಗೆ ಮೆತ್ತಿದ್ದ ಬೂದಿಬಣ್ಣದ ಕೊಳೆ, ಎಲ್ಲಾ ಹೋಯಿತು.

ಅಪ್ಪ ಬಂದವನೇ ಒಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಗಿರ್ಜಿ, ಇಲ್ಲಿ ವಿಭೂತಿ ಇತ್ತಲ್ಲೇ?"

"ಕೊಳೆ ಇತ್ತಪ್ಪ. ಒರೆಸಿದೆ."

"ಕೊಳೆ ಅಲ್ಲವ್ವ. ನಿಮ್ಮವ್ವ ಹಚ್ಚಿದ್ದು."

ಪ್ರತಿ ಅಮಾವಾಸ್ಯೆ ಲಾರಿ ಪೂಜೆಯ ದಿನ ಅವ್ವ ಟೈರಿಗೆ, ಸ್ಟೇರಿಂಗಿಗೆ ವಿಭೂತಿ ಹಚ್ಚಿ, ಕೊನೆಗೆ ಒಲೆಗೂ ಮೂರು ಬೆರಳಲ್ಲಿ ಎಳೆಯುತ್ತಿದ್ದಳು. ಲಾರಿ ಮೇಲಿನದ್ದು ಮಳೆಗೆ ತೊಳೆದುಹೋಗಿತ್ತು. ಒಲೆಯ ಜಿಡ್ಡಿನ ಮೇಲೆ ಮಾತ್ರ ಅವಳ ಬೆರಳು ಹಾಗೇ ಕೂತಿತ್ತು.

ಅಪ್ಪ ಬೈಯಲಿಲ್ಲ. ಎರಡೇಟು ಬಿಟ್ಟಿದ್ದರೆ ಅತ್ತು ಹಗುರಾಗುತ್ತಿದ್ದೆ. ವಾಷರ್ ಕೂರಿಸಿ, ಸೋಪಿನ ನೊರೆ ಹಚ್ಚಿ ಸೋರುತ್ತಾ ಅಂತ ನೋಡಿ, ಕಡ್ಡಿ ಗೀರಿದ. ನೀಲಿ ಉರಿ ಎದ್ದಿತು, ಅದೇ ಸದ್ದು.

"ಚೆನ್ನಾಗಿ ಉರೀತೈತೆ," ಅಂದು ಆರಿಸಿದ. ವಿಭೂತಿ ಗಟ್ಟಿ ತಂದು ನನ್ನ ಕೈಗಿಟ್ಟ. "ನೀನೇ ಹಚ್ಚವ್ವ."

ಹಚ್ಚಿದೆ. ಗೆರೆ ಸಣ್ಣಗೆ, ಸೊಟ್ಟಗೆ ಬಂದವು. ಅಪ್ಪ ಒಂದು ಸಲ ನೋಡಿ ಎದ್ದು ಹಿತ್ತಲಿಗೆ ಹೋದ. ಆ ರಜದಲ್ಲಿ ಲಾರಿಗೆ ಹೋದೆವು, ಉಪ್ಪಿಟ್ಟೂ ಮಾಡಿದೆವು.

ಈಗ ಅಪ್ಪನಿಲ್ಲ, ಲಾರಿ ಗುಜರಿಗೆ ಹೋಯಿತು. ನಾನು ಅವ್ವನ ವಯಸ್ಸು ದಾಟಿದ್ದೇನೆ. ಅವಳ ಮುಖ ಫೋಟೊದಲ್ಲಿದೆ, ಸೀರೆ ಪೆಟ್ಟಿಗೆಯಲ್ಲಿದೆ. ಅವಳ ಕೈ ಗುರುತು ಲೋಕದಲ್ಲೆಲ್ಲ ಒಂದೇ ಕಡೆ ಉಳಿದಿತ್ತು, ಅದನ್ನು ನಾನೇ ಅಳಿಸಿದೆ.