ಡೋಹರ ಟ್ಯಾನರಿ, ವಿಕ್ಸಮ್

ಅಮೆರಿಕದ ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ, ಟೈರ್ ಗೋದಾಮಿನ ಪಕ್ಕ, ನೀಲಗಂಗಾಳ ಟ್ಯಾನರಿ ಇದೆ. ಅಲ್ಲಿ ತೊಗಲು ಹದ ಮಾಡುತ್ತಾರೆ. ಮೈಸೂರಿನವಳಾದ ನನಗೆ ಹದ ಅಂದರೆ ಸಕ್ಕರೆ ಪಾಕದ್ದು. "ನಿಮ್ಮ ಪಾಕ ಕೆಟ್ರ ಒಂದ್ ತಾಟು ಹೋಗ್ತದ ಶಾರದಕ್ಕಾ, ತೊಗಲು ಕೆಟ್ರ ಒಂದ್ ಜೀವ ಸತ್ತದ್ದ ದಂಡ" ಎಂದು ಅವಳು ನಗುತ್ತಾಳೆ.

ಅವಳ ಅಜ್ಜ ಅಥಣಿಯಲ್ಲಿ ತಂಗಡಿ ತೊಗಟೆಯ ನೀರಿನ ಗುಂಡಿಗಳಲ್ಲಿ ತೊಗಲು ನೆನೆಹಾಕುತ್ತಿದ್ದರು. ಅಪ್ಪ ರಾಚಯ್ಯ ಕೆಮಿಸ್ಟ್ರಿ ಓದಿ, ಡೆಟ್ರಾಯಿಟ್ ಕಡೆ ಬಂದು, ಕಾರಿನ ಸೀಟಿಗೆ ಚರ್ಮ ತಯಾರಿಸುವ ಕಂಪನಿಯಲ್ಲಿ ದುಡಿದು, ಕೊನೆಗೆ ಈ ಟ್ಯಾನರಿ ತೆರೆದರು. ಅದಕ್ಕೆ ಇಟ್ಟ ಹೆಸರು 'ಆರ್. ಕೆ. ಪ್ರಾಡಕ್ಟ್ಸ್'. ಕನ್ನಡದವರು ಕೇಳಿದರೆ "ಕೆಮಿಕಲ್ ಬಿಸಿನೆಸ್" ಅನ್ನುತ್ತಿದ್ದರು. ಊರಲ್ಲಿ ಜಾತಿ ಕೇಳಿದವರಿಂದ ಬೊಗಸೆಗೆ ಮೇಲಿಂದ ನೀರು ಸುರಿಸಿಕೊಂಡ ಮನುಷ್ಯ. ಅವರನ್ನು ದೂರಲು ನನಗೆ ಬಾಯಿಲ್ಲ.

ಮಗಳದು ಬೇರೆ ಜಾಯಮಾನ. ಟ್ಯಾನರಿ ಅವಳ ಕೈಗೆ ಬಂದ ಕೂಡಲೇ ಬೋರ್ಡ್ ಬದಲಾಯಿತು. ಚರ್ಮ ಹದ ಮಾಡುವ ತಮ್ಮ ಕುಲದ ಹೆಸರನ್ನೇ ದಪ್ಪ ಅಕ್ಷರದಲ್ಲಿ ಬರೆಸಿದಳು: 'ಡೋಹರ ಟ್ಯಾನರಿ'. ರಾಚಯ್ಯ ಎಷ್ಟೋ ದಿನ ಅವಳೊಡನೆ ಮಾತು ಬಿಟ್ಟರು. ಆಮೇಲೆ, "ನಾಕ್ ಮಂದಿ ಎದುರಿಗೆ ಅದನ್ನ ತರಬ್ಯಾಡವ್ವ" ಎಂದು ಬೇಡಿಕೊಂಡರು.

ಈ ಸಲದ ಬಸವ ಜಯಂತಿಗೆ ಅವಳು ನಾಲ್ಕು ಮಂದಿಯ ಎದುರಿಗೇ ತಂದಳು. ಶಾಲೆಯೊಂದರ ಹಾಲ್‌ನಲ್ಲಿ ಸ್ಟಾಲ್ ಹಾಕಿ, ಬೆಲ್ಟು, ಚೀಲ ಜೋಡಿಸಿ, ಮೇಲೆ ಅದೇ ಹೆಸರಿನ ಬೋರ್ಡ್ ಕಟ್ಟಿದಳು. ರಾಚಯ್ಯ ದೂರದಲ್ಲಿ, ಊಟದ ಮೇಜುಗಳ ಹತ್ತಿರ, ತಲೆ ತಗ್ಗಿಸಿ ಕೂತರು. "ಅಪ್ಪ ಒಮ್ಮೆರೆ ಈ ಹೆಸರಿನ ಬಾಜೂಕ ನಿಲ್ಲಬೇಕ್ರಿ ಅಕ್ಕಾ, ನನಗಷ್ಟ ಸಾಕು" ಎಂದು ನನ್ನ ಬಳಿ ಹೇಳಿದಳು.

ಅಷ್ಟರಲ್ಲಿ ಸಮಿತಿಯ ಹಿರಿಯರು, ಡಾಕ್ಟರ್ ಗುರುಶಾಂತಪ್ಪ, ನಗುತ್ತಾ ಬಂದರು.

"ನೀಲಗಂಗವ್ವ, ಆ ಬೋರ್ಡ್ ಒಂದ್ ಇಳಸ್ರಿ. ಲೆದರ್ ಕ್ರಾಫ್ಟ್ಸ್ ಅಂತ ಹಾಕ್ರಿ, ಡೀಸೆಂಟ್ ಇರ್ತದ. ಇಲ್ಲಿ ಜಾತಿ ಗೀತಿ ಯಾಕ ತರ್ತೀರಿ?"

ತಮ್ಮ ಮಗಳಿಗೆ ವರ ಹುಡುಕುವಾಗ ಒಳಪಂಗಡದವರೆಗೂ ಕೆದಕಿ ಕೇಳಿದ ಮಹಾನುಭಾವರು ಇವರೇ!

ನೀಲಗಂಗಾ ವೇದಿಕೆಯತ್ತ ಕೈ ತೋರಿದಳು. ಅಲ್ಲಿ ಗೋಡೆಯುದ್ದಕ್ಕೂ 'ಕಾಯಕವೇ ಕೈಲಾಸ' ಎಂಬ ಬ್ಯಾನರ್ ತೂಗುತ್ತಿತ್ತು.

"ಇದನ್ನ ಇಳಸೂದಿಲ್ರಿ ಅಂಕಲ್. ಬೇಕಾದ್ರ ಅದನ್ನ ಇಳಸ್ರಿ."

ಗುರುಶಾಂತಪ್ಪ ಬೆಂಬಲಕ್ಕಾಗಿ ಸುತ್ತ ನೋಡಿದರು. ಯಾರೂ ಅವರ ಪರ ಮಾತಾಡಲಿಲ್ಲ. ಅವಳ ಪರವೂ ಮಾತಾಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಚಯ್ಯ ಎದ್ದಿದ್ದರು. ತಾವು ಕೂತಿದ್ದ ಕಬ್ಬಿಣದ ಕುರ್ಚಿಯನ್ನು ಕರಕರ ಎಳೆದುಕೊಂಡೇ ಇಡೀ ಹಾಲ್ ದಾಟಿ ಬಂದು, ಅದನ್ನು ಸ್ಟಾಲಿನ ಮುಂದೆ ಹಾಕಿದರು. ಡಾಕ್ಟರರ ಕಡೆ ತಿರುಗಿಯೂ ನೋಡಲಿಲ್ಲ. ಬೋರ್ಡನ್ನು ನೋಡಿದರು.

"ಭಾಳ ಕೆಳಗ ಕಟ್ಟೀ," ಎಂದರು ಮಗಳಿಗೆ. "ಈ ಕುರ್ಚಿ ಮ್ಯಾಲ ಹತ್ತಿ ಇನ್ನಷ್ಟ ಮ್ಯಾಲ ಕಟ್ಟವ್ವ. ಹಿಂದ ಕುಂತವ್ರಿಗೂ ಕಾಣ್ಲಿ."