ಮುಳ್ಳಿನ ಕಂಟಿ ಸರಿಸಿದವರು

ನಿವೃತ್ತಿಗೆ ಮುಂಚಿನ ಮೂರು ವರ್ಷ ನಾನು ಸಿಂಧನೂರು ಸೀಮೆಯಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ಅಗ್ನಿಶಾಮಕ ಎಂದರೆ ಬೆಂಕಿ ಆರಿಸುವವರು ಎಂದಷ್ಟೇ ಜನ ತಿಳಿದಿರುತ್ತಾರೆ. ನಮಗೆ ಹುಲ್ಲಿನ ಬಣವೆಗೆ ಬೆಂಕಿ ಬಿತ್ತೆಂದು ಎಷ್ಟು ಕರೆ ಬರುತ್ತಿದ್ದವೋ, ಕಾಲುವೆಗೆ ಬಿದ್ದವರನ್ನು ಎತ್ತಲು ಬನ್ನಿ ಎಂದೂ ಅಷ್ಟೇ ಬರುತ್ತಿದ್ದವು. ಗುಡ್ಡದಿಂದ ಮನುಷ್ಯರನ್ನು ಇಳಿಸುವ ಕರೆ ಮಾತ್ರ ಒಂದೇ ಸಲ ಬಂತು, ಅದೂ ನನ್ನ ಸೇವೆಯ ಕೊನೆಯ ಡಿಸೆಂಬರಿನಲ್ಲಿ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಲಿಂಗಸುಗೂರಿನ ಯುವಕರ ಬಳಗವೊಂದು ಮಸ್ಕಿ ಕಡೆಯ ಗುಡ್ಡವೊಂದಕ್ಕೆ ಸೂರ್ಯೋದಯ ಚಾರಣ ಇಟ್ಟುಕೊಂಡಿತ್ತು. ಅರವತ್ತು ಜನ, ಎಲ್ಲರಿಗೂ ಹಳದಿ ಟೀ ಶರ್ಟ್, ಮೇಲೆ ಹಾರಲು ಒಂದು ಡ್ರೋನ್ ಕ್ಯಾಮೆರಾ. ಸಂಚಾಲಕನ ಹೆಸರು ವೀರೇಶ. ಮಾತು ಬೆಣ್ಣೆ, ಕೆಲಸ ಬರೀ ಫೋಟೋ. ಅನುಮತಿ ಕೊಡಬೇಕಾದವರು ನನ್ನಿಂದ ಸುರಕ್ಷತಾ ಅಭಿಪ್ರಾಯ ಕೇಳಿದರು. ಅಂದರೆ ದಾರಿಯನ್ನು ಕಣ್ಣಾರೆ ನೋಡಿ, ಜನ ಹತ್ತಬಹುದೋ ಬಾರದೋ ಎಂದು ಸಹಿ ಹಾಕಿ ಬರೆದುಕೊಡುವ ಪತ್ರ.

ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ನಾನು ಗುಡ್ಡ ಹತ್ತಿದೆ. ಬಿಸಿಲು ಹಿತವಾಗಿತ್ತು. ಬಂಡೆ ಒಲೆಯಿಂದ ಇಳಿಸಿ ಹೊತ್ತಾದ ಹಂಚಿನ ಹಾಗೆ ಬೆಚ್ಚಗಿತ್ತು, ಬೂಟಿನ ಅಟ್ಟೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತಿತ್ತು. ಅರ್ಧ ದಾರಿಯ ಮೇಲೆ ಇಳಿಜಾರಾದ ಒಂದು ಹಾಸುಬಂಡೆ ಇದೆ, ಉದ್ದ ಮೂವತ್ತು ಹೆಜ್ಜೆ, ಎಡಕ್ಕೆ ಕಂದರ. ಅದನ್ನೂ ಎರಡು ಸಲ ದಾಟಿ ನೋಡಿದೆ. ಇಳಿದು ಬಂದಾಗ ಬುಡದಲ್ಲಿ ಕುರಿ ಕಾಯುವ ಅಮರಪ್ಪ ಕಂಬಳಿ ಹೊದ್ದು ಕೂತಿದ್ದ. ಅರವತ್ತು ದಾಟಿದ ಮನುಷ್ಯ. ಯಾಕೆ ಬಂದಿರಿ ಎಂದು ಕೇಳಿದ, ಹೇಳಿದೆ.

"ಮುಂಜಾನೆ ಬಂದು ನೋಡ್ರಿ ಸಾಹೇಬ್ರ," ಅಂದ. "ಈ ದಿನದಾಗ ನಸುಕಿನ್ಯಾಗ ಕಲ್ಲು ಬೆವರತೈತಿ."

ನಾನು ನಕ್ಕೆ. ಕಲ್ಲಿಗೆಲ್ಲಿಯ ಬೆವರು ಎಂದುಕೊಂಡು ಜೀಪು ಹತ್ತಿದೆ. ಸಂಜೆ ಐದಕ್ಕೆ 'ದಾರಿ ಚಾರಣಕ್ಕೆ ಯೋಗ್ಯವಾಗಿದೆ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಕರೆ ಬಂತು. ಹೆಂಗಸೊಬ್ಬಳು ಹಾಸುಬಂಡೆಯಿಂದ ಜಾರಿ ಕೆಳಗೆ ಬಿದ್ದಿದ್ದಾಳೆ. ನಾವು ಆರು ಜನ ಹಗ್ಗ, ಸ್ಟ್ರೆಚರ್ ಹಾಕಿಕೊಂಡು ಹೊರಟೆವು. ದಾರಿಯುದ್ದಕ್ಕೂ ಗದ್ದೆಗಳ ಮೇಲಿನ ಮಂಜು ರಸ್ತೆಗೆ ಬಂದು ನಿಂತಿತ್ತು. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ಕಾಲುವೆ ಬಂದ ಮೇಲೆ ಈ ಸೀಮೆಯ ಚಳಿಗಾಲ ಬದಲಾದದ್ದು ಗೊತ್ತಿರಬೇಕಿತ್ತು. ಗದ್ದೆಯಲ್ಲಿ ನಿಂತ ನೀರಿನ ತೇವ ರಾತ್ರಿ ಏರಿ, ತಣ್ಣಗಾದ ಕಲ್ಲಿನ ಮೇಲೆ ಕೂರುತ್ತದೆ. ಒಣಗಿ ಕಪ್ಪಾಗಿದ್ದ ಪಾಚಿ ಆ ತೇವ ಕುಡಿದು ಲೋಳೆಯಾಗುತ್ತದೆ. ಅಮರಪ್ಪ ಬೆವರು ಅಂದದ್ದು ಇದನ್ನೇ.

ಗುಡ್ಡದ ಬುಡದಲ್ಲಿ ವೀರೇಶ ಓಡಿ ಬಂದ. ದಾರಿಯ ಪಕ್ಕದ ತಗ್ಗಿನಲ್ಲಿ ಕಡಿದು ತಂದ ಜಾಲಿ ಪೊದೆ, ಆಳೆತ್ತರದ ಮುಳ್ಳಿನ ಕಂಟಿ ಬಿದ್ದಿತ್ತು. ಹಿಂದಿನ ದಿನ ಅದು ಅಲ್ಲಿರಲಿಲ್ಲ. ಇದೇನು ಎಂದು ಕೇಳಿದೆ.

"ಕುರಿಯವ್ರು ದಾರಿಗೆ ಅಡ್ಡ ಹಚ್ಚಿದ್ರು ಸಾರ್. ಸೂರ್ಯ ಹುಟ್ಟೋ ಟೈಮ್ ಆಗಿತ್ತು, ನಾನ ಎಳದು ಒಗದೆ."

ಆ ಮಾತನ್ನು ನಾನೂ ಕೇಳಿಸಿಕೊಂಡೆ, ನನ್ನ ಹಿಂದಿದ್ದ ಐವರೂ ಕೇಳಿಸಿಕೊಂಡರು.

ಬಿದ್ದವಳು ರತ್ನಮ್ಮ, ತುರ್ವಿಹಾಳದವಳು, ಬಸ್ ಕಂಡಕ್ಟರ್. ವಾರದ ರಜೆಯ ದಿನ ಗೆಳತಿಯ ಜೊತೆ ಬಂದಿದ್ದಳು. ಹಾಸುಬಂಡೆಯಿಂದ ಹದಿನಾಲ್ಕು ಅಡಿ ಕೆಳಗೆ ಒಂದು ಮೆಟ್ಟಿಲಿನಷ್ಟು ಜಾಗದಲ್ಲಿ ಸಿಕ್ಕಿಕೊಂಡಿದ್ದಳು. ಬಲಗಾಲ ಮೂಳೆ ಮುರಿದಿತ್ತು. ನಮಗಿಂತ ಮೊದಲೇ ಅಮರಪ್ಪ ಹುಲ್ಲಿರುವ ಬಲಬದಿಯಿಂದ ಬರಿಗಾಲಲ್ಲಿ ಸುತ್ತಿ ಅಲ್ಲಿಗೆ ಇಳಿದಿದ್ದ. ತನ್ನ ಕಂಬಳಿಯನ್ನು ಅವಳಿಗೆ ಹೊದಿಸಿ, ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಒದ್ದೆ ಬಟ್ಟೆ, ತಣ್ಣನೆ ಗಾಳಿ, ಪೆಟ್ಟಿನ ಆಘಾತ ಮೂರೂ ಸೇರಿದರೆ ಮೈಯ ಕಾವು ಇಳಿಯುತ್ತ ಹೋಗುತ್ತದೆ. ಅದಕ್ಕೆ ಹೈಪೋಥರ್ಮಿಯಾ ಎನ್ನುತ್ತಾರೆ. ಹಿಮದ ನಾಡೇ ಬೇಕಿಲ್ಲ, ನಮ್ಮ ಬಿಸಿಲ ಸೀಮೆಯ ಡಿಸೆಂಬರೂ ಸಾಕು. ಆ ಕಂಬಳಿ ಇಲ್ಲದಿದ್ದರೆ ಅವಳ ಸ್ಥಿತಿ ಇನ್ನೂ ಕೆಡುತ್ತಿತ್ತೆಂದು ಆಮೇಲೆ ಡಾಕ್ಟರೂ ಹೇಳಿದರು.

ಹಾಸುಬಂಡೆಯ ಮೇಲೆ ನಾನೇ ಎರಡು ಸಲ ಜಾರಿ ಕುಂಡಿ ಊರಿದೆ. ನಿನ್ನೆ ಯೋಗ್ಯ ಎಂದು ಬರೆದ ಬಂಡೆ ಅದೇ. ಮೇಲಿನ ದೊಡ್ಡ ಗುಂಡುಕಲ್ಲಿಗೆ ಆಂಕರ್ ಹಾಕಿದೆವು, ಅಂದರೆ ಇಡೀ ಭಾರ ಹೊರುವಂತೆ ಹಗ್ಗವನ್ನು ಬಿಗಿದೆವು. ಸ್ಟ್ರೆಚರ್ ಮೇಲೆತ್ತಲು ಒಂದೂವರೆ ಗಂಟೆ ಹಿಡಿಯಿತು. ಅವಳನ್ನು ಹೊತ್ತು ಇಳಿಯುವ ಹೊತ್ತಿಗೆ ಒಂಬತ್ತೂಕಾಲು. ಬಿಸಿಲು ಬಂದು ಕಲ್ಲೆಲ್ಲ ಒಣಗಿತ್ತು. ಅರವತ್ತು ಜನ ಮೂರು ತಾಸು ಕಾದಿದ್ದರೆ ನಮ್ಮ ಅಗತ್ಯವೇ ಬೀಳುತ್ತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೂರನೇ ದಿನ ಪೊಲೀಸರು ಅಮರಪ್ಪನನ್ನು ಹಿಡಿದು ತಂದು ತಮ್ಮ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಬಳಗದವರು ದೂರು ಕೊಟ್ಟಿದ್ದರು: ಕುರಿಗಾಹಿ ದಾರಿಯ ತುಂಬ ಮುಳ್ಳು ಹಾಸಿದ್ದ, ಹೆಂಗಸು ಮುಳ್ಳು ತುಳಿದು ಆಯ ತಪ್ಪಿ ಬಿದ್ದಳು, ಅವನ ಮೇಲೆ ಕ್ರಮ ಜರುಗಿಸಬೇಕು. ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಹಾಗಾಯಿತು. ಪ್ರಕರಣ ದಾಖಲಿಸುವ ಮೊದಲು ನನ್ನ ವರದಿ ಬೇಕೆಂದು ಪೊಲೀಸರು ಕೇಳಿದರು. ನಾನು ಬರೆದದ್ದರ ಮೇಲೆ ಅಮರಪ್ಪ ಮನೆಗೆ ಹೋಗುವುದೋ ಜೈಲಿಗೆ ಹೋಗುವುದೋ ನಿಂತಿತ್ತು.

ಅದೇ ಮಧ್ಯಾಹ್ನ ವೀರೇಶ ನನ್ನ ಕಚೇರಿಗೆ ಬಂದ. ಕೂರಲು ಹೇಳುವ ಮೊದಲೇ ಕುರ್ಚಿ ಎಳೆದುಕೊಂಡ.

"ಸಾರ್, ದಾರಿ ಚಲೋ ಐತಿ ಅಂತ ಬರದು ಕೊಟ್ಟೋರು ನೀವ. ಫೈಲಿನ್ಯಾಗ ಆ ಪತ್ರ ಐತಿ. ಮುಳ್ಳಿಂದ ಬಿದ್ಲು ಅಂತ ಬರದ್ರ ನೀವೂ ಉಳೀತೀರಿ, ನಾವೂ ಉಳೀತೀವಿ. ಹೆಂಗೂ ರಿಟೈರ್ ಆಗೋ ಟೈಮು."

ನಿಜ ಹೇಳುತ್ತೇನೆ, ಆ ಕ್ಷಣ ಅವನ ಮಾತು ನನಗೆ ರುಚಿಸಿತು. ಐದು ತಿಂಗಳಲ್ಲಿ ನಿವೃತ್ತಿ, ಮೂವತ್ತು ವರ್ಷದ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ನೋಡೋಣ ಅಂದೆ. ಅವನನ್ನು ಕಳಿಸಿ, ಹೇಳಿಕೆ ಪಡೆಯುವ ನೆಪದಲ್ಲಿ ಸಿಂಧನೂರಿನ ಆಸ್ಪತ್ರೆಗೆ ಹೋದೆ.

ರತ್ನಮ್ಮನ ಕಾಲಿಗೆ ರಾಡ್ ಹಾಕಿದ್ದರು. ದಿನವಿಡೀ ನಿಂತು ಟಿಕೆಟ್ ಕೊಡುವವಳು ಇನ್ನು ಆರು ತಿಂಗಳು ನಿಲ್ಲುವ ಹಾಗಿರಲಿಲ್ಲ. ಮುಳ್ಳು ತುಳಿದು ಬಿದ್ದಿರಾ ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು.

"ಯಾವ ಮುಳ್ಳ್ರೀ ಸಾಹೇಬ್ರ? ನಾ ಹಿಂದಿನ ಸಾಲಿನ್ಯಾಗ ಇದ್ದೆ, ಮುಳ್ಳು ನೋಡೇ ಇಲ್ಲ. ನೋಡಿದ್ರ ಹತ್ತತಿದ್ದಿಲ್ಲ. ದಾರಿಗೆ ಕಂಟಿ ಹಚ್ಯಾರಂದ್ರ ಹೋಗಬ್ಯಾಡ್ರಿ ಅಂತ ಅರ್ಥ. ನಮ್ಮೂರಾಗ ಸಣ್ಣ ಕೂಸಿಗೂ ಗೊತ್ತೈತಿ. ಅದನ್ಯಾರು ತಗದ್ರು?"

ಹೊಲದ ದಾರಿಗೆ, ಒಡೆದ ಬಾವಿಗೆ, ಕುಸಿಯುವ ದಂಡೆಗೆ ಮುಳ್ಳಿನ ಕಂಟಿ ಅಡ್ಡ ಹಾಕುವುದು ಈ ಸೀಮೆಯ ಎಲ್ಲರಿಗೂ ತಿಳಿದ ಗುರುತು. ವೀರೇಶನೂ ಇಲ್ಲಿಯವನೇ, ಅವನಪ್ಪನೂ ಹೊಲ ಮಾಡಿದವನೇ. ಗೊತ್ತಿಲ್ಲದೆ ಎಳೆದದ್ದಲ್ಲ. ಗೊತ್ತಿದ್ದೂ, ಕುರಿ ಕಾಯುವವನ ಮಾತು ತನಗೇಕೆ ಎಂದು ಎಳೆದದ್ದು. ಹಾಗೆ ನೋಡಿದರೆ ನಾನು ಜೀಪು ಹತ್ತುತ್ತ ನಕ್ಕದ್ದಕ್ಕೂ ಅವನು ಕಂಟಿ ಎಳೆದದ್ದಕ್ಕೂ ಏನು ವ್ಯತ್ಯಾಸ? ಆಸ್ಪತ್ರೆಯಿಂದ ನೇರ ಕಚೇರಿಗೆ ಹೋದೆ.

ಅವತ್ತೇ ವರದಿ ಬರೆದೆ. ಮೊದಲ ಸಾಲಿನಲ್ಲೇ ನನ್ನ ತಪ್ಪು: 'ನಾನು ದಾರಿಯನ್ನು ಪರಿಶೀಲಿಸಿದ್ದು ಮಧ್ಯಾಹ್ನ ಮೂರಕ್ಕೆ, ಜನ ಅದನ್ನು ಹತ್ತಿದ್ದು ಬೆಳಗಿನ ಆರಕ್ಕೆ. ನನ್ನ ಅಭಿಪ್ರಾಯ ಪತ್ರ ತಪ್ಪು.' ಎರಡನೆಯದು, ಕುರಿಗಾಹಿ ಎಚ್ಚರಿಕೆಗೆಂದು ಹಾಕಿದ ಕಂಟಿಯನ್ನು ಸಂಚಾಲಕ ತಾನೇ ತೆಗೆದದ್ದಾಗಿ ಆರು ಜನರ ಎದುರು ಹೇಳಿದ್ದು. ಮೂರನೆಯದು, ಗಾಯಾಳುವಿನ ಜೀವ ಹಿಡಿದಿಟ್ಟದ್ದು ಅದೇ ಕುರಿಗಾಹಿಯ ಕಂಬಳಿ. ಕೆಳಗೆ ನಮ್ಮ ಐವರೂ ಸಹಿ ಹಾಕಿದರು. ನನಗೆ ಇಲಾಖೆಯಿಂದ ವಾಗ್ದಂಡನೆ ಬಂತು, ಅಂದರೆ ಸೇವಾ ಪುಸ್ತಕದಲ್ಲಿ ತಪ್ಪನ್ನು ದಾಖಲಿಸಿ ಎಚ್ಚರಿಸುವ ಶಿಕ್ಷೆ. ಮೂವತ್ತು ವರ್ಷದ ಪುಸ್ತಕದಲ್ಲಿ ಅದೊಂದೇ ಇದೆ, ಇರಲಿ. ವೀರೇಶನಿಗೆ ಏನೂ ಆಗಲಿಲ್ಲ. ದೂರು ಹಿಂದಕ್ಕೆ ಪಡೆದು, ಮುಂದಿನ ತಿಂಗಳು ಬೇರೆ ಗುಡ್ಡಕ್ಕೆ ಬೇರೆ ಬಣ್ಣದ ಟೀ ಶರ್ಟ್ ಹೊಲಿಸಿದ.

ಯಾವ ಜಾಗವನ್ನೇ ಆಗಲಿ ಜನ ಅಲ್ಲಿ ಕಾಲಿಡುವ ಹೊತ್ತಿನಲ್ಲೇ ಹೋಗಿ ನೋಡಬೇಕು, ಅಲ್ಲಿ ದಿನಾ ನಡೆಯುವವರನ್ನು ಕೇಳಿ ನೋಡಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಕೊನೆಯ ಚಳಿಗಾಲದಲ್ಲಿ ಕಲಿಸಿತು.

ಮರುದಿನ, ವರದಿ ತಲುಪಿದ ಸಂಜೆ, ಅಮರಪ್ಪನನ್ನು ಬಿಟ್ಟರು. ನಾನು ಠಾಣೆಯ ಹೊರಗೆ ಕಾದಿದ್ದೆ. ಎರಡು ದಿನ ಜಗಲಿಯ ಕಲ್ಲಿನ ಮೇಲೆ ಕೂತ ಮನುಷ್ಯ, ಮೈಮೇಲೆ ಕಂಬಳಿ ಇಲ್ಲ. ಅದು ಆಸ್ಪತ್ರೆಯಲ್ಲೇ ಉಳಿದಿತ್ತು, ನಾನು ತಂದಿದ್ದೆ. ಕೈಗೆ ಕೊಟ್ಟೆ. ಕೊಡವಿ ಹೊದ್ದುಕೊಂಡ. ತಪ್ಪಾಯಿತು ಅಮರಪ್ಪ ಅಂದೆ. ಅವನು ನಗಲಿಲ್ಲ, ಕೈ ಮುಗಿಯಲಿಲ್ಲ.

"ಮುಂಜಾನೆ ಬಂದು ನೋಡ್ರಿ ಅಂದಿದ್ನಲ್ರೀ," ಅಂದ. ಬಸ್ ಸ್ಟ್ಯಾಂಡಿನ ಕಡೆ ನಡೆದ.